ಒರೆಸಲು ಮರೆತ ಕೆಂಪು ಚುಕ್ಕೆ

ಅಫಜಲಪುರ

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ವಿಟ್ಜರ್ಲೆಂಡಿಗೆ ಹೋಗಿದ್ದು ಬುದ್ಧಿವಂತಿಕೆಯಿಂದಲ್ಲ, ಮರೆವಿನಿಂದ. ಊರಲ್ಲಿ ಜನ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ನಮ್ಮ ಓಣಿಯ ಕಿರಾಣಿ ಅಂಗಡಿಯವನಂತೂ ನಾನು ಅಲ್ಲಿಯ ಕಂಪನಿಯವರಿಗೆ ಹತ್ತು ದಿನ ಪಾಠ ಮಾಡಿ ಬಂದೆನೆಂದು ಗಿರಾಕಿಗಳಿಗೆಲ್ಲ ಸಾರಿದ್ದಾನೆ. ಎಣ್ಣೆ ಅಳೆಯುವಾಗಲೂ ಅದೇ ಮಾತು, ಬೆಲ್ಲ ತೂಗುವಾಗಲೂ ಅದೇ ಮಾತು. ಕೇಳಿ ಕೇಳಿ ನನಗೆ ಮುಜುಗರವಾಗಿ, ನಡೆದದ್ದನ್ನು ನಡೆದ ಹಾಗೆ ಬರೆಯುವುದೇ ವಾಸಿ ಎಂದು ಕೂತಿದ್ದೇನೆ.

ನನ್ನ ಹೆಸರು ಮಿಲಿಂದ. ಅಫಜಲಪುರದಲ್ಲಿ ಬಸ್ ನಿಲ್ದಾಣದಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ ಇದೆ. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ತಲೆಯ ಮೇಲೆ ಒಂದು ತಗಡು. ಈಗ ವಾಚು ಕಟ್ಟುವವರಿಗಿಂತ ಮೊಬೈಲಿನಲ್ಲಿ ಟೈಮು ನೋಡುವವರೇ ಜಾಸ್ತಿ. ಆದರೂ ಮದುವೆಯಲ್ಲಿ ಮಾವ ಕೊಟ್ಟ ವಾಚು ನಿಂತರೆ ಗಂಡಸರು ಹೆಂಡತಿಗೆ ತಿಳಿಯುವ ಮೊದಲೇ ಓಡಿ ಬರುತ್ತಾರೆ. ಅಂಥವರಿಂದ ನನ್ನ ಹೊಟ್ಟೆ ನಡೆದಿದೆ.

ನಮ್ಮ ಕಡೆ ಒಂದು ರೂಢಿ. ವಾಚು ರಿಪೇರಿಯಾಗಿ ಹೊರಗೆ ಹೋಗುವಾಗ ಹತ್ತು ನಿಮಿಷ ಮುಂದಿಟ್ಟು ಕೊಡಬೇಕು. ಸರಿಯಾದ ಟೈಮಿಗೆ ಇಟ್ಟು ಕೊಟ್ಟರೆ ಗಿರಾಕಿಗೆ ಸಿಟ್ಟು ಬರುತ್ತದೆ. "ಬಸ್ ತಪ್ಪಿದ್ರ ನೀ ಹೆಗಲ ಮ್ಯಾಲ ಹೊತ್ಕೊಂಡ್ ಹೋಗ್ತಿ ಏನ್?" ಎಂದು ಕೇಳುತ್ತಾರೆ. ಎಲ್ಲರ ವಾಚೂ ಹತ್ತು ನಿಮಿಷ ಮುಂದಿದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದುಕೊಂಡು, ಇನ್ನೂ ಹೊತ್ತಿದೆ ಎಂದು ಚಹಾ ಕುಡಿಯುತ್ತ ನಿಂತು, ಕೊನೆಗೆ ಬಸ್ಸಿನ ಹಿಂದೆ ಓಡುತ್ತಾರೆ. ಆದರೂ ರೂಢಿ ಬಿಟ್ಟಿಲ್ಲ.

ಲೂಕಾಸ್ ಎಂಬ ಸ್ವಿಸ್ ಮನುಷ್ಯ ತೊಗರಿ ಬೆಳೆಯ ಅಭ್ಯಾಸಕ್ಕೆಂದು ಎರಡು ವರ್ಷ ನಿಂಬರ್ಗಾದಲ್ಲಿದ್ದ. ನಿಂಬರ್ಗಾ ನನ್ನ ಹುಟ್ಟೂರು. ಅವ್ವ ಅಪ್ಪ ಅಲ್ಲಿ ಕಂಡವರ ಹೊಲದಲ್ಲಿ ದುಡಿದವರು, ತಮ್ಮ ಈಗಲೂ ಅಲ್ಲೇ ಇದ್ದಾನೆ. ತಮ್ಮನ ಜೊತೆ ಹೊಲ ತಿರುಗಿ ತಿರುಗಿ ಲೂಕಾಸ್ ಕನ್ನಡ ಕಲಿತುಬಿಟ್ಟಿದ್ದ. ಅವನ ಕನ್ನಡದಲ್ಲಿ ಬೀಜ, ಕಳೆ, ಕೀಡಿ, ರಾಶಿ, ಮಳೆ ಎಲ್ಲ ಇದ್ದವು. ಹೊಲದ ಬದು ದಾಟಿದರೆ ಮಾತ್ರ ಅವನಿಗೆ ಒಂದು ಶಬ್ದವೂ ಗೊತ್ತಿರಲಿಲ್ಲ.

ಒಮ್ಮೆ ಅವನು ಜೋಳದ ರಾಶಿಯಲ್ಲಿ ನಿಂತು ಧೂಳು ಕುಡಿದು, ಕೈಯ ವಾಚಿಗೂ ಕುಡಿಸಿ, ಅದು ನಿಂತುಹೋಗಿ, ತಮ್ಮನ ಜೊತೆ ನನ್ನ ಅಂಗಡಿಗೆ ಬಂದ. ಅಂಥ ವಾಚು ನಾನು ಕಂಡಿರಲಿಲ್ಲ. ಮುಳ್ಳಿಲ್ಲ, ಅಂಕಿಯಿಲ್ಲ, ಚಾವಿ ಕೊಡುವ ಗುಂಡಿಯೂ ಇಲ್ಲ. ಟೈಮು ಇಡಲು ಗಾಜಿನ ಸುತ್ತಿನ ಬಳೆಯನ್ನೇ ತಿರುಗಿಸಬೇಕು, ಗಂಟೆ ತೋರಿಸಲು ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಅಷ್ಟೇ. ಬಿಳಿ ತಟ್ಟೆಯ ಮೇಲೆ ಯಂತ್ರವೇ ಒಂದು ಕಪ್ಪು ಪಟ್ಟಿಯಾಗಿ ಮಲಗಿತ್ತು. ಆ ಪಟ್ಟಿ ತಾನೇ ಗಾಣದ ಎತ್ತಿನ ಹಾಗೆ ಗಂಟೆಗೊಂದು ಸುತ್ತು ಸುತ್ತಬೇಕು, ಅದರ ಒಂದು ತುದಿ ನಿಮಿಷ ತೋರಿಸಬೇಕು. ಯಾವ ತುದಿ ಎಂಬುದೇ ತಕರಾರು. ಎರಡೂ ತುದಿ ಅವಳಿ ಮಕ್ಕಳ ಹಾಗಿದ್ದವು. ಹತ್ತು ನಿಮಿಷವೆಂದು ನೋಡಿಕೊಂಡು ಹೊರಟರೆ ನಿಜವಾಗಿ ನಲವತ್ತಾಗಿರುತ್ತಿತ್ತು.

"ನಮ್ಮ ಕಾಕಿ ಕೆಲಸ ಮಾಡೋ ಕಂಪನಿದ್ರಿ. ಭಾಳ ದೊಡ್ಡ ವಾಚ್. ಆದ್ರ ಟೈಮ್ ತಿಳಿಯಂಗಿಲ್ಲ," ಎಂದ ಲೂಕಾಸ್. ಕಾಕಿ ಎಂದರೆ ಅವನ ಚಿಕ್ಕಮ್ಮ.

ಬಿಚ್ಚುವ ಮೊದಲು, ಯಾವ ತುದಿ ಎತ್ತ ಇತ್ತೆಂದು ಮರೆಯಬಾರದೆಂದು, ಒಂದು ತುದಿಗೆ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟೆ. ನೇಲ್ ಪಾಲಿಶ್ ನನ್ನ ಹೆಂಡತಿ ಶಾಂತಾಳದು. ಅವಳ ತವರು ಜೇವರ್ಗಿ, ಅಲ್ಲಿಯ ಬಳೆ ಅಂಗಡಿಯದನ್ನು ಬಿಟ್ಟು ಬೇರೆ ಬಣ್ಣ ಅವಳ ಉಗುರಿಗೆ ಹತ್ತುವುದಿಲ್ಲ. ನಮ್ಮ ಕಸುಬಿನಲ್ಲಿ ಇಂಥ ಗುರುತಿಗೆ ನಿಶಾನಿ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಸ್ಪಿರಿಟ್ಟಿನ ಹತ್ತಿಯಿಂದ ನಿಶಾನಿ ಒರೆಸಿ ಆಮೇಲೆ ಮುಚ್ಚಬೇಕು. ಎರಡು ದಿನ ಕೂತು ಧೂಳೆಲ್ಲ ತೆಗೆದೆ, ಯಂತ್ರ ಉಸಿರಾಡತೊಡಗಿತು. ಇನ್ನೇನು ನಿಶಾನಿ ಒರೆಸಬೇಕು ಎನ್ನುವಾಗ ಊಟದ ಡಬ್ಬಿ ಹಿಡಿದು ಶಾಂತಾ ಬಂದಳು.

"ನನ್ನ ನೇಲ್ ಪಾಲಿಶ್ ಎಲ್ಲದ?"

"ಇಲ್ಲೇ ಅದ, ಒಂದ್ ಹನಿ ತಗೊಂಡೇನಿ."

"ಹೋದ ವಾರ ಒಂದ್ ಹನಿ, ಅದರ ಹಿಂದಿನ ವಾರ ಒಂದ್ ಹನಿ. ನಾ ಏನ್ ನಿಮ್ಮ ವಾಚಿಗಿ ತಂದೇನೇನ್ ಅದನ್ನ?"

ಜಗಳ ಅರ್ಧ ತಾಸು ನಡೆಯಿತು. ಅದೇ ಸಿಟ್ಟಿನಲ್ಲಿ ವಾಚು ಮುಚ್ಚಿ, ಹತ್ತು ನಿಮಿಷ ಮುಂದಿಟ್ಟು ಕೊಟ್ಟುಬಿಟ್ಟೆ. ವಾರ ಬಿಟ್ಟು ಲೂಕಾಸ್ ಬಂದು ಎರಡೂ ಕೈ ಹಿಡಿದುಕೊಂಡು, "ಈಗ ಟೈಮ್ ತಿಳೀತದ್ರಿ," ಎಂದಾಗ ನನಗೆ ನೆನಪಾಯಿತು. ನಿಶಾನಿ ಒಳಗೇ ಉಳಿದಿತ್ತು. ಮನೆಯಲ್ಲಿ ಶಾಂತಾಳಿಗೆ ಹೇಳಿದೆ, ಅವನ ಮುಂದೆ ಬಾಯಿ ಬಿಡಲಿಲ್ಲ.

ಒಂದೂವರೆ ವರ್ಷದ ಮೇಲೆ, ತನ್ನ ಊರಿಗೆ ಮರಳಿದ್ದ ಲೂಕಾಸನ ಫೋನು. "ಮಿಲಿಂದಣ್ಣಾ, ಕಂಪನಿಯವರು ವಾಚಿನ ಹೊಸ ತಳಿ ತಗೀಯಾಕತ್ತಾರ್ರಿ. ಹಳೇ ತಳಿಗೆ ರೋಗ ಬಂದದ. ನಿಮ್ಮ ಕೈಗುಣ ನೋಡಬೇಕಂತ, ಟಿಕೀಟ್ ಅವರೇ ಕಳಸ್ತಾರ." ಕೈಗುಣ ಎಂದನಲ್ಲ, ನಾನು ಎರಡು ದಿನ ಕೂತು ಧೂಳು ತೆಗೆದ ಕೆಲಸವನ್ನು ಮೆಚ್ಚಿದ್ದಾರೆಂದು ತಿಳಿದು ಹಿಗ್ಗಿಹೋದೆ.

ಆಳಂದ

ಹೊರಡುವ ಮೊದಲು ಉಸ್ತಾದರನ್ನು ಕಾಣಲು ಆಳಂದಕ್ಕೆ ಹೋದೆ. ಮೌಲಾಸಾಬ್ ಉಸ್ತಾದ್ ನನಗೆ ಕಸುಬು ಕಲಿಸಿದವರು. ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಕಣ್ಣು ಆಪರೇಷನ್ ಆದರೂ ಮಸುಕು. ಕೈಯ ವಾಚಿನ ಸಣ್ಣ ಮುಳ್ಳು ಅವರಿಗೆ ಕಾಣುವುದಿಲ್ಲ. ಒಂದು ಕಾಲಕ್ಕೆ ಅರ್ಧ ಆಳಂದದ ವಾಚುಗಳನ್ನು ನಡೆಸಿದ ಮನುಷ್ಯ ಈಗ ಮನೆಯ ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನು ಕರೆದು ಟೈಮು ಎಷ್ಟಾಯಿತೆಂದು ಕೇಳುತ್ತಾರೆ. 

ಅವರ ಕಟ್ಟಪ್ಪಣೆ ಒಂದೇ. "ನೀ ಒಳಗ ಹೋಗಿ ಬಂದದ್ದು ಯಾರಿಗೂ ತಿಳೀಬಾರದು ಬೇಟಾ. ನಿಶಾನಿ ಬಿಟ್ಟವ ಕಾರೀಗರ್ ಅಲ್ಲ." ಕಾರೀಗರ್ ಎಂದರೆ ಕಸುಬು ಪಳಗಿದವನು. ನನಗಿಂತ ಮೊದಲಿನ ಶಿಷ್ಯನೊಬ್ಬ, ಬಂಗಾರದಂಥ ಕೈಯವನು, ಒಬ್ಬ ಮಾಸ್ತರರ ವಾಚಿನಲ್ಲಿ ನಿಶಾನಿ ಮರೆತನೆಂದು ಅವತ್ತೇ ಮನೆಗೆ ಕಳಿಸಿದ್ದರು. ಆಮೇಲೆ ಅವನ ಹೆಸರನ್ನೂ ಎತ್ತಲಿಲ್ಲ.

ನನ್ನ ಸುದ್ದಿ ಕೇಳಿ ಅವರು ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದರು. ಅದರಲ್ಲಿ ಅವರ ದುರ್ಬೀನು ಇತ್ತು. ದುರ್ಬೀನು ಎಂದರೆ ನಾವು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಭೂತಗನ್ನಡಿ. ಅವರಿಗೆ ಅದನ್ನು ಹೈದರಾಬಾದಿನ ಅವರ ಉಸ್ತಾದರು ಕೊಟ್ಟಿದ್ದರಂತೆ. ಅದು ಯಾರ ಕೈ ಸೇರುತ್ತದೋ ಅವನೇ ಅವರ ಗಾದಿಗೆ ವಾರಸುದಾರ ಎಂದು ನಾವು ಶಿಷ್ಯರೆಲ್ಲ ತಿಳಿದಿದ್ದೆವು.

"ಇದನ್ನ ಒಯ್ಯಿ. ಅವರ ಕೆಲಸ ಇದರಾಗ ನೋಡು. ಬಂದ ಮ್ಯಾಲ ಅವರು ನಿನ್ನ ಯಾಕ ಕರದ್ರು ಅಂತ ನನ್ನ ಮುಂದ ಕುಂತು ಹೇಳು. ಕಾರೀಗರಂತ ಕರದಿದ್ರ ದುರ್ಬೀನು ನಿಂದು. ಇಲ್ಲಂದ್ರ ತಿರುಗಿ ಕೊಡು."

"ಕಾರೀಗರಂತೇ ಕರದಾರ್ರಿ," ಎಂದೆ ಎದೆಯುಬ್ಬಿಸಿ. ಆ ಚುಕ್ಕೆಯ ನೆನಪು ಒಂದು ಗಳಿಗೆ ಬಂತು. ಚಹಾ ಕುಡಿದು ನುಂಗಿಕೊಂಡೆ.

ಜಿನೀವಾ

ವಿಮಾನದ ಕತೆ ಬೇಡ. ಕೂತೆ, ಇಳಿದೆ. ಕಾಲು ಮಾತ್ರ ನನ್ನವೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಜಿನೀವಾದ ತಪಾಸಣೆಯವನು ನನ್ನ ಚೀಲ ತೆಗೆಸಿದ. ಶಾಂತಾ ಬಿಳಿ ಅರಿವೆಯಲ್ಲಿ ಇಪ್ಪತ್ತೈದು ಖಡಕ್ ರೊಟ್ಟಿ ಕಟ್ಟಿದ್ದಳು. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ, ಅದು ಠಣ್ ಎಂದಿತು. ಯಾವ ಕೆಲಸಕ್ಕೆ ಬಂದಿರಿ ಎಂದು ಕೇಳಿದ. "ವಾಚ್," ಎಂದೆ. ಅವನು ರೊಟ್ಟಿಯನ್ನು ನೋಡಿದ, ನನ್ನನ್ನು ನೋಡಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ವಿಚಾರ ಮಾಡಿದರು. ಕೊನೆಗೆ ನಾನು ಒಂದು ರೊಟ್ಟಿ ಮುರಿದು ಅವರ ಕಣ್ಣೆದುರೇ ತಿಂದು ತೋರಿಸಿದೆ. ಆಗ ಬಿಟ್ಟರು.

ಲೂಕಾಸ್ ಫೋನಿನಲ್ಲಿ ಹೇಳಿದ್ದು ಸರಳವಾಗಿತ್ತು. ನಾಲ್ಕನೆಯ ಪ್ಲಾಟ್‌ಫಾರಂ, ಒಂಬತ್ತು ಹನ್ನೆರಡರ ರೈಲು, ಅದನ್ನೇ ಹತ್ತಬೇಕು. ವಿಮಾನದಲ್ಲಿ ಇಳಿಯುವ ಮೊದಲು ಅಲ್ಲಿಯ ಟೈಮು ಹೇಳಿದರಲ್ಲ, ನಾನು ಆ ಟೈಮಿಗೆ ವಾಚು ಇಟ್ಟುಕೊಂಡಿದ್ದೆ. ಇಡುವಾಗ, ಕೇಳುವುದೇನಿದೆ, ಹತ್ತು ನಿಮಿಷ ಮುಂದೆಯೇ ಇಟ್ಟಿದ್ದೆ. ಕೈಗೆ ರೂಢಿ. ನಾಲ್ಕನೆಯ ಪ್ಲಾಟ್‌ಫಾರಮ್ಮಿಗೆ ಬಂದಾಗ ನನ್ನ ವಾಚಿನಲ್ಲಿ ಸರಿಯಾಗಿ ಒಂಬತ್ತು ಹನ್ನೆರಡು. ರೈಲು ಬಾಗಿಲು ತೆರೆದು ನಿಂತಿತ್ತು. ಈ ದೇಶದವರ ಕಟ್ಟುನಿಟ್ಟು ಎಷ್ಟು ಚೆಂದ ಎಂದುಕೊಂಡು ಹತ್ತಿ ಕೂತೆ. ಅದು ಒಂಬತ್ತು ಎರಡರ ರೈಲು. ಬೇರೆ ಊರಿಗೆ ಹೋಗುವುದು.

ನನ್ನ ಎದುರಿಗೆ ಒಬ್ಬ ಅಜ್ಜಿ, ಅವಳ ಕಾಲ ಬಳಿ ಒಂದು ನಾಯಿ. ಟಿಕೀಟು ನೋಡುವವನು ಬಂದ. ಅಜ್ಜಿ ತನ್ನ ಟಿಕೀಟು ತೋರಿಸಿದಳು, ನಾಯಿಯ ಟಿಕೀಟು ತೋರಿಸಿದಳು. ನಾನು ನನ್ನದನ್ನು ತೋರಿಸಿದೆ. ಅವನು ತಲೆ ಅಲ್ಲಾಡಿಸಿದ. ಆ ಬೋಗಿಯಲ್ಲಿ ಸರಿಯಾದ ಟಿಕೀಟು ಇಲ್ಲದವನು ನಾನೊಬ್ಬನೇ, ನಾಯಿಯೂ ನನ್ನನ್ನು ಒಂಥರಾ ನೋಡಿತು. ನನ್ನ ವಾಚು ತೋರಿಸಿದೆ. ಅವನು ತನ್ನದನ್ನು ತೋರಿಸಿದ. ಹತ್ತು ನಿಮಿಷ ಮುಂದಿಡುವುದು ನಮ್ಮಲ್ಲಿ ರಿಪೇರಿಯ ಒಂದು ಭಾಗವೆಂದು ನನಗೆ ಬರುವ ಇಂಗ್ಲಿಷಿನಲ್ಲಿ ತಿಳಿಸಿದೆ. ಅವನು ಬಹಳ ಹೊತ್ತು ಕೇಳಿ, "ಯಾಕೆ?" ಎಂದ. ಅಷ್ಟು ವರ್ಷದ ಕಸುಬಿನಲ್ಲಿ ಆ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.

ಅಜ್ಜಿಯೇ ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ನನ್ನನ್ನೂ ನಾಯಿಯನ್ನೂ ನಡೆಸಿಕೊಂಡು ಹೋಗಿ, ಸರಿಯಾದ ರೈಲಿಗೆ ಹತ್ತಿಸಿ ಕೈ ಬೀಸಿದಳು. ಪುಣ್ಯಾತ್ಗಿತ್ತಿ, ಹೆಸರೂ ಕೇಳಲಿಲ್ಲ.

ಕಣಿವೆಯ ಊರು

ಗುಡ್ಡಗಳ ನಡುವಿನ ಸಣ್ಣ ಊರದು. ಮನೆಗಿಂತ ಮರ ಹೆಚ್ಚು, ಜನರಿಗಿಂತ ಆಕಳು ಹೆಚ್ಚು. ಒಂದೊಂದು ಆಕಳ ಕೊರಳಲ್ಲೂ ನಮ್ಮ ಗುಡಿಯ ಗಂಟೆಯಷ್ಟು ದೊಡ್ಡ ಗಂಟೆ. ಊರಿನಲ್ಲಿ ಸದ್ದು ಮಾಡುವುದು ಅವು ಮಾತ್ರ. ಲೂಕಾಸ್ ಸ್ಟೇಷನ್ನಿನಲ್ಲೇ ನಿಂತಿದ್ದ.

"ಬರ್ರಿ ಮಿಲಿಂದಣ್ಣಾ, ಜೈಭೀಮ್. ಶೇಂಗಾ ಹಿಂಡಿ ತಂದೀರೇನ್ರಿ?"

ಪರದೇಶದಲ್ಲಿ ನಮ್ಮ ಮಾತು ಕೇಳಿ ಕಣ್ಣಲ್ಲಿ ನೀರೇ ಬಂತು. ಹಿಂಡಿ, ಎಂದರೆ ನಮ್ಮ ಚಟ್ನಿಪುಡಿ, ತಂದಿದ್ದೆ. ಅವನು ಮನೆ ಮುಟ್ಟುವ ತನಕವೂ ತಾಳಲಿಲ್ಲ.

ಆ ಊರಿನ ಜನ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ. ಹೇಳಿ ಮುಂದೆ ಹೋಗಿಬಿಡುತ್ತಾರೆ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕದವನು ನಮಸ್ಕಾರ ಹೇಳದಿದ್ದರೂ ನಡೆಯುತ್ತದೆ, ಆದರೆ ಮುಂದಿನ ಊರು ನರೋಣಾ ಬರುವುದರೊಳಗೆ ನಿನಗೆ ಮಕ್ಕಳೆಷ್ಟು, ಹೊಲವೆಷ್ಟು, ತಮ್ಮನ ಲಗ್ನ ಯಾಕೆ ಆಗಿಲ್ಲ ಎಂದೆಲ್ಲ ತಿಳಿದುಕೊಂಡಿರಬೇಕು. ನಾನು ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಬ್ರೆಡ್ಡಿನ ಅಂಗಡಿಯವಳನ್ನು ಮಕ್ಕಳೆಷ್ಟೆಂದು ಕೇಳಿಯೇಬಿಟ್ಟೆ. ಅವಳು ಬ್ರೆಡ್ಡು ಹೆಚ್ಚುವುದನ್ನು ನಿಲ್ಲಿಸಿ, ಮೂವರು ಎಂದು ಹೇಳಿ, ಮೂವರ ಫೋಟೋ ತೋರಿಸಿ, ಅತ್ತೆಯ ಮೇಲಿನ ದೂರು ಶುರು ಮಾಡಿದಳು. ಭಾಷೆ ತಿಳಿಯಲಿಲ್ಲ, ಆದರೆ ಅತ್ತೆಯದೇ ದೂರು ಎಂದು ಕೈಸನ್ನೆಯಲ್ಲೇ ಗೊತ್ತಾಯಿತು.

ಆದಿತ್ಯವಾರ ಬನಿಯನ್ನು ಒಗೆದು ಬಾಲ್ಕನಿಯಲ್ಲಿ ಒಣಹಾಕಿದೆ. ಪಕ್ಕದ ಮನೆಯ ಮುದುಕ ಬಂದು ಬಹಳ ವಿನಯದಿಂದ ಲೂಕಾಸನಿಗೆ ಏನೋ ಹೇಳಿ ಹೋದ. ಆದಿತ್ಯವಾರ ಬಟ್ಟೆ ಹೊರಗೆ ತೂಗಬಾರದಂತೆ, ಊರಿನ ಶಾಂತಿ ಕೆಡುತ್ತದಂತೆ. ನನ್ನ ಬನಿಯನ್ನು ಅಷ್ಟು ಗದ್ದಲ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಾರ್ಖಾನೆ

ಕಾರ್ಖಾನೆ ಎಂದರೆ ಹೊಗೆ, ಸದ್ದು ಎಂದುಕೊಂಡಿದ್ದೆ. ಅದು ಆಸ್ಪತ್ರೆಯ ಹಾಗಿತ್ತು. ಚಪ್ಪಲಿಯ ಮೇಲೆ ಚೀಲ ತೊಡಿಸಿದರು, ಮೈಗೆ ಬಿಳಿ ಕೋಟು ಹಾಕಿದರು. ಒಂದು ದೊಡ್ಡ ಕೋಣೆಗೆ ಕರೆದೊಯ್ದರು. ಬಾಗಿಲು ದಾಟಿದವನು ಅಲ್ಲೇ ಕಂಬವಾದೆ. ಎದುರು ಗೋಡೆಯ ಮೇಲೆ, ಬಂಡಿಯ ಗಾಲಿಯಷ್ಟು ದೊಡ್ಡದಾಗಿ, ನನ್ನ ಕೆಂಪು ಚುಕ್ಕೆಯ ಚಿತ್ರ ಇತ್ತು. ನಾನು ಒರೆಸದೆ ಬಿಟ್ಟ ನಿಶಾನಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ನೇಲ್ ಪಾಲಿಶಿಗೆ ಅಂಟಿದ್ದ ಕುಂಚದ ಒಂದು ಕೂದಲೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ವಾಚನ್ನು ಮೊದಲು ರೂಪಿಸಿದವನು ಬಾಸ್ಟಿಯಾನ್ ಎಂಬ ತೆಳ್ಳನೆಯ ಮನುಷ್ಯ. ಅಂಗಿ, ಪ್ಯಾಂಟು, ಕನ್ನಡಕ, ಎಲ್ಲ ಕಪ್ಪು. ಅವನು ನನ್ನ ಕೈ ಹಿಡಿದು ಬಹಳ ಹೊತ್ತು ಮಾತಾಡಿದ. ಲೂಕಾಸ್ ಕನ್ನಡ ಮಾಡಿ ಹೇಳಿದ:

"ಎರಡೂ ತುದಿ ಒಂದೇ ಇರಬೇಕು, ಅದೇ ಚೆಂದ ಅಂತ ಈತ ಬಿತ್ತಿದ್ದನಂತ್ರಿ. ಬೆಳಿ ಚೊಲೋ ಬಂತು, ಆದ್ರ ಕಾಳಿಲ್ಲ. ತಗೊಂಡವರೆಲ್ಲ ಟೈಮ್ ತಿಳಿವಲ್ದು ಅಂತ ತಕರಾರ್ ಮಾಡ್ಯಾರ. ನನ್ನ ವಾಚ್ ಸರ್ವಿಸ್‌ಗೆ ಬಂದಾಗ ಇವರು ಚುಕ್ಕಿ ನೋಡಿದ್ರು. ಮೂರು ವರ್ಷ ನಮಗ ಹೊಳೀದಿದ್ದು ಅಫಜಲಪುರದ ಕಾರೀಗರ್‌ಗೆ ಹ್ಯಾಂಗ ಹೊಳೀತು ಅಂತ ಕೇಳ್ತಾರ."

ಎಲ್ಲರೂ ನನ್ನ ಕಡೆ ನೋಡಿದರು. ನಿಜ ಹೇಳಲು ಅದೇ ಸಮಯ. ಆದರೆ ಆಸೆ ಕೆಟ್ಟದ್ದು. "ಭಾಳ ವಿಚಾರ ಮಾಡಿ ಹಚ್ಚಿದೆ ಅಂತ ಹೇಳು," ಎಂದುಬಿಟ್ಟೆ. ಲೂಕಾಸ್ ಹೇಳಿದ. ಯಾರೋ ಬರೆದುಕೊಂಡರು. ಬಾಸ್ಟಿಯಾನ್ ಇನ್ನೂ ಮುಂದೆ ಹೋಗಿ, ಇದು ಹಣೆಯ ಕುಂಕುಮದ ವಿಚಾರವೇ ಎಂದ. ನನ್ನ ಮನೆಯಲ್ಲಿ ಬುದ್ಧನ ಫೋಟೋ ಇದೆ, ಆದರೂ ಹೌದೆಂದೆ. ಮೂಡುವ ಸೂರ್ಯನೇ ಎಂದ. ಅದೂ ಹೌದೆಂದೆ. ಸುಳ್ಳು ಒಮ್ಮೆ ಸುರುವಾದರೆ ಇಳಿಜಾರಿನ ಸೈಕಲ್ಲು, ಬ್ರೇಕು ಹಿಡಿಯುವುದಿಲ್ಲ.

ಮೇಜಿನ ಮೇಲೆ ನಲವತ್ತು ಥರದ ಕೆಂಪು ಬಣ್ಣದ ಚೀಟಿ ಹರಡಿದ್ದರು. ಯಾವುದು ಸರಿ ಎಂದು ಕೇಳಿದರು. ನನಗೆಲ್ಲವೂ ಒಂದೇ ಕೆಂಪು. ಶಾಂತಾಳಿಗೆ ವಿಡಿಯೋ ಕಾಲ್ ಮಾಡಿದೆವು. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಉಗುರು ತೋರಿಸೆಂದೆ. ಬಾಸ್ಟಿಯಾನ್ ಫೋನಿಗೆ ಮುಖ ಹಚ್ಚಿ ದಿಟ್ಟಿಸಿದ.

"ಯಾರ್ರೀ ಅಂವ ಕರಿ ಅಂಗಿಯಾಂವ, ನನ್ನ ಉಗುರು ಯಾಕ ಹಂಗ ನೋಡಾಕತ್ತಾನ?"

"ಬಣ್ಣ ನೋಡಾಕತ್ತಾರ. ವಾಚಿನಾಗ ನಾ ಹಚ್ಚಿದ್ನಲ್ಲ, ಆ ಚುಕ್ಕಿದು."

"ಅಂದು ಜಗಳದಾಗ ಒರಸೋದು ಮರತಿದ್ರಲ್ಲ, ಅದಾ? ಅದಕ್ಕ ಕರಸ್ಯಾರೇನು ನಿಮ್ಮನ್ನ ಅಷ್ಟು ದೂರ?"

ಕೋಣೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ. ನಾನು ಮೆಲ್ಲಗೆ ಲೂಕಾಸನ ಕಡೆ ನೋಡಿದೆ. ಅವನು ನನ್ನನ್ನು ನೋಡಿದ. ಅವಳೇನೆಂದಳು ಎಂದು ಬಾಸ್ಟಿಯಾನ್ ಕೇಳಿದ. ಲೂಕಾಸ್ ಒಂದು ಸಲ ಕೆಮ್ಮಿ, ಬಣ್ಣ ಜೇವರ್ಗಿಯದು ಎನ್ನುತ್ತಾಳೆ ಎಂದು ತಿಳಿಸಿದ. ಅವರು ಜೇವರ್ಗಿ ಎಂದೂ ಬರೆದುಕೊಂಡರು.

ಹೊರಡುವಾಗ ಹೇಳಿದರು: ನಾಳೆ ದೊಡ್ಡವರೆಲ್ಲ ಬರುತ್ತಾರೆ, ನೀವು ವಿಚಾರ ಮಾಡಿ ಚುಕ್ಕೆ ಇಟ್ಟ ಕತೆಯನ್ನು ನಿಮ್ಮ ಫೋಟೋ ಸಮೇತ ವಾಚಿನ ಪೆಟ್ಟಿಗೆಯಲ್ಲಿ ಅಚ್ಚು ಹಾಕಿಸುತ್ತೇವೆ. ನನ್ನ ಕೈ ಜೇಬಿನ ದುರ್ಬೀನಿನ ಮೇಲೆ ಹೋಯಿತು. ಈ ಕತೆಯನ್ನೇ ಉಸ್ತಾದರ ಮುಂದೆ ಕೂತು ಹೇಳಿದರೆ ದುರ್ಬೀನು ನನ್ನದು. ನಿಜ ಹೇಳಿದರೆ ದುರ್ಬೀನೂ ಹೋಯಿತು, ಉಸ್ತಾದರೂ ಹೋದರು.

ಕಾಕಿಯ ಮೇಜು

ಲೂಕಾಸನ ಕಾಕಿ ಎಲೋಡಿ ಆ ಕಂಪನಿಯ ಹಿರಿಯ ಕಾರೀಗರ್. ಬಿಳಿ ಕೂದಲು, ಮಾತು ಕಮ್ಮಿ. ಮರುದಿನ ನಾನು ಬೇಗನೆ ಹೋಗಿದ್ದೆ. ಹತ್ತು ನಿಮಿಷ ಬೇಗ, ಬೇರೆ ಹೇಳಬೇಕಿಲ್ಲ. ಅವಳು ತನ್ನ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡಳು. ಹಳೆಯ ವಾಚೊಂದನ್ನು ಬಿಚ್ಚುತ್ತಿದ್ದಳು. ನಾನು ಉಸ್ತಾದರ ದುರ್ಬೀನು ಕಣ್ಣಿಗೆ ಸಿಕ್ಕಿಸಿಕೊಂಡೆ. ಅವಳು ಅದನ್ನು ಇಸಿದುಕೊಂಡು ತಿರುಗಿಸಿ ನೋಡಿ, ತುಟಿ ಮುಂದೆ ಮಾಡಿ, ಮೆಚ್ಚಿಗೆಯಾಯಿತೆಂಬಂತೆ ತಿರುಗಿ ಕೊಟ್ಟಳು.

ಪಟ್ಟಿ ಬಿಚ್ಚುವ ಮೊದಲು ಅವಳು ಒಂದು ಸಣ್ಣ ಸೀಸೆ ತೆಗೆದಳು. ಒಂದು ತುದಿಗೆ ನೀಲಿ ಚುಕ್ಕೆ ಇಟ್ಟಳು. ನಾನು ಬಗ್ಗಿ ನೋಡಿದೆ. ಬಿಚ್ಚಿದಳು, ತೊಳೆದಳು, ಜೋಡಿಸಿದಳು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ನೀಲಿ ಚುಕ್ಕೆಯನ್ನು ಒರೆಸಿದಳು. ಆಮೇಲೆ ಮುಚ್ಚಿದಳು. ಸಮುದ್ರ ದಾಟಿ ಬಂದರೂ ಉಸ್ತಾದರ ಎದುರಿಗೇ ಕೂತ ಹಾಗಾಯಿತು.

ಅವಳು ನನ್ನ ಕಡೆ ತಿರುಗಿದಳು. ಗೋಡೆಯ ಮೇಲಿನ ಕೆಂಪು ಚಿತ್ರದ ದಿಕ್ಕಿಗೆ ಒಂದು ಬೆರಳು ತೋರಿಸಿ, ಕೈಯ ಹತ್ತಿಯ ಕಡ್ಡಿ ಎತ್ತಿ, ಹುಬ್ಬು ಏರಿಸಿದಳು. ಇದು ಎಲ್ಲಿ ಹೋಗಿತ್ತಪ್ಪಾ ಎಂದು ಕೇಳಿದ ಹಾಗಿತ್ತು.  ಅವಳು ಮೊದಲ ದಿನದಿಂದಲೇ ತಿಳಿದಿದ್ದಳು, ಯಾರಿಗೂ ಹೇಳಿರಲಿಲ್ಲ. ಹತ್ತಿಯ ಕಡ್ಡಿಯನ್ನು ನನ್ನ ಜೇಬಿಗೆ ಸಿಕ್ಕಿಸಿ, ಸದ್ದಿಲ್ಲದೆ ನಕ್ಕಳು.

ಆ ಜೇಬಿನ ಕಡ್ಡಿಯನ್ನು ಮುಟ್ಟಿಕೊಂಡೇ ದೊಡ್ಡವರ ಮುಂದೆ ನಿಂತೆ.  "ಲೂಕಾಸ್, ನಾ ಸುಳ್ಳ ಹೇಳೇನಿ. ವಿಚಾರ ಗಿಚಾರ ಏನೂ ಇಲ್ಲ. ಎರಡೂ ತುದಿ ಒಂದೇ ಇದ್ದವು, ಗುರುತಿಗಂತ ಹಚ್ಚಿದೆ, ಹೆಂಡತಿ ಜೋಡಿ ಜಗಳಾಡಿ ಒರಸೋದು ಮರತೆ. ನಮ್ಮ ಕಸುಬಿನಾಗ ಇದಕ್ಕಿಂತ ನಾಚಿಕಿ ಬ್ಯಾರೆ ಇಲ್ಲ. ಇದ್ದದ್ದು ಇದ್ದಂಗ ಹೇಳು."

ಲೂಕಾಸ್ ಹೇಳಿದ. ಏನು ಹೇಳಿದೆ ಎಂದು ಆಮೇಲೆ ಕೇಳಿದರೆ, "ಬಿತ್ತುವಾಗ ಸಾಲಿನ ಗುರುತಿಗೆ ಕೋಲು ನೆಟ್ಟಿದ್ದ, ಕೀಳೋದು ಮರತ ಅಂತ ಹೇಳೇನ್ರಿ," ಎಂದ.

 ಬಾಸ್ಟಿಯಾನ್ ಕುರ್ಚಿಯಲ್ಲಿ ಕುಸಿದು ಕೂತು, ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ನಿಧಾನವಾಗಿ ಮಾತಾಡಿದ. ಲೂಕಾಸ್ ಕನ್ನಡ ಮಾಡಿದ:

"ವಾಚ್ ಬಿಚ್ಚಿ ಮುಂದ ಇಟ್ಕೊಂಡು, ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡ ಕಾರೀಗರ್‌ಗೇ ಯಾವ ತುದಿ ಯಾವುದು ತಿಳೀಲಿಲ್ಲಂದ್ರ, ರಸ್ತಾದಾಗ ಓಡೋ ಮನಷ್ಯಾಗ ಹ್ಯಾಂಗ ತಿಳೀಬೇಕು ಅಂತಾನ್ರಿ. ನಿನ್ನಿ ನೀವು ಹೇಳಿದ ಸೂರ್ಯ ಕುಂಕುಮಕ್ಕಿಂತ ಇದೇ ಖರೆ ಕಾರಣ ಅಂತಾನ. ಚುಕ್ಕಿ ಇರಬೇಕಂತ."

ಹೀಗೆ ಹೊಸ ವಾಚಿನಲ್ಲಿ ಚುಕ್ಕೆ ಉಳಿಯಿತು. ಪೆಟ್ಟಿಗೆಯಲ್ಲಿ ಹಾಕುವ ಕತೆಯಿಂದ ನನ್ನ ಫೋಟೋ ಹೋಯಿತು. ನಾನೇ ಬೇಡವೆಂದೆ. ಬಾಸ್ಟಿಯಾನ್ ಹಟ ಹಿಡಿದು ಬಣ್ಣಕ್ಕೆ ಶಾಂತಾಳ ಹೆಸರಿಟ್ಟ. ಕೊನೆಯ ದಿನ ಎಲೋಡಿ ತನ್ನ ಕೈಯಾರೆ ಜೋಡಿಸಿದ ಮೊದಲ ಮಾದರಿಯನ್ನು ನನಗೆ ಕೊಟ್ಟಳು. ಬಿಳಿ ತಟ್ಟೆ, ಕಪ್ಪು ಪಟ್ಟಿ, ಅದರ ತುದಿಗೆ ಬೆಂಕಿಯಲ್ಲಿ ಸುಟ್ಟು ಕೂರಿಸಿದ, ತೊಗರಿ ಕಾಳಿನಷ್ಟು ದಪ್ಪ ಕೆಂಪು ಚುಕ್ಕೆ.

ಮತ್ತೆ ಆಳಂದ

ಮನೆಗೆ ಬಂದು ಶಾಂತಾಳಿಗೆ ಬಣ್ಣದ ಸುದ್ದಿ ಹೇಳಿದೆ. "ಹೆಸರು ಇಟ್ಟು ಏನ್ ಮಾಡ್ಲಿ? ಬಾಟ್ಲಿ ಖಾಲಿ ಆಗ್ಯದ, ಮೊದಲು ಅದನ್ನ ತರ್ರಿ," ಎಂದಳು. ಆದರೆ ಅವತ್ತೇ ಜೇವರ್ಗಿಯ ತವರಿಗೆ ಫೋನು ಮಾಡಿ ಒಂದು ತಾಸು ಮಾತಾಡಿದಳು.

ಮರುದಿನ ಇಳಿಹೊತ್ತಿಗೆ ಆಳಂದಕ್ಕೆ ಹೋದೆ. ಉಸ್ತಾದರು ಕಟ್ಟೆಯ ಮೇಲೆ ಕೂತಿದ್ದರು. ವಾಚನ್ನು ಅವರ ಕೈಯಲ್ಲಿಟ್ಟೆ. ದುರ್ಬೀನು ಕೇಳಿದರು, ಕೊಟ್ಟೆ. ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದೇನು ಕೆಂಪಂದು?"

"ನಿಶಾನಿ ಉಸ್ತಾದ್."

"ಯಾರು ಬಿಟ್ಟಿದ್ದು?"

"ನಾ. ಒರಸೋದು ಮರತಿದ್ದೆ. ಅವರು ಕರದದ್ದು ಇದಕ್ಕರಿ, ನನ್ನ ಕೈ ಕೆಲಸಕ್ಕಲ್ಲ. ಹೋಗೋ ಮುಂದ ನಿಮ್ಮ ಮುಂದ ಬಡಾಯಿ ಹೊಡದೆ."

ಉಸ್ತಾದರು ಗಾಜನ್ನು ತೆಗೆಯೆಂದರು, ತೆಗೆದೆ. ಹತ್ತಿ, ಸ್ಪಿರಿಟ್ ತರಿಸಿದರು. ನಡುಗುವ ಕೈಯಿಂದಲೇ ಚುಕ್ಕೆಯನ್ನು ಒರೆಸಿದರು. ಒತ್ತಿ ಒರೆಸಿದರು. ಹತ್ತಿ ಬೆಳ್ಳಗೇ ಉಳಿಯಿತು.

"ಹೋಗವಲ್ದು," ಎಂದರು.

"ಬೆಂಕ್ಯಾಗ ಸುಟ್ಟಾರ್ರಿ. ಹೋಗಂಗಿಲ್ಲ."

ನಾನು ಗಾಜು ಮುಚ್ಚಿದೆ. ಅವರ ಕಣ್ಣಿನ ದುರ್ಬೀನು ತಾನಾಗಿ ಕಳಚಿ ಮಡಿಲಿಗೆ ಬಿತ್ತು. ಅದರ ಡಬ್ಬಿಯನ್ನು ಅವರ ಮುಂದಿಟ್ಟು ತಲೆ ತಗ್ಗಿಸಿ ಕೂತೆ. ಆ ಶಿಷ್ಯನ ಹೆಸರಿನ ಹಾಗೆ ನನ್ನ ಹೆಸರೂ ಇಂದಿಗೆ ಮುಗಿಯಿತು ಎಂದುಕೊಂಡೆ. 

ಉಸ್ತಾದರು ದುರ್ಬೀನನ್ನು ಎತ್ತಿಕೊಳ್ಳಲಿಲ್ಲ. ವಾಚು ಹಿಡಿದ ಕೈಯನ್ನು ದೂರ ಚಾಚಿದರು. ಬರೀ ಕಣ್ಣಿನಿಂದ ನೋಡಿದರು. ಹತ್ತಿರ ತಂದರು, ಮತ್ತೆ ದೂರ ಒಯ್ದರು.

"ಅಸರ್ ಅಜಾನ್ ಈಗ ಆಯ್ತು, ಅಂದ್ರ ಗಂಟಿ ಐದರ ಹತ್ತಿರ," ಎಂದು ತಮ್ಮಷ್ಟಕ್ಕೇ ಲೆಕ್ಕ ಹಾಕಿದರು. "ಚುಕ್ಕಿ ಇಲ್ಲೇ ಅದ. ಐದಕ್ಕ ಐದು ಕಮ್ಮಿ." ನನ್ನ ಕಡೆ ತಿರುಗಿದರು. "ಇಟ್ಟಾಂವ ನೀ. ಹತ್ತು ಮುಂದ ಇರಬೇಕು. ಅಂದ್ರ ಐದಕ್ಕ ಕಾಲು ಕಮ್ಮಿ."

ನನ್ನ ಫೋನು ತೆಗೆದು ನೋಡಿದೆ. ಸರಿಯಾಗಿ ಐದಕ್ಕೆ ಕಾಲು ಕಡಿಮೆ.

"ನಿಶಾನಿ ಒರಸೋದು ಮರತಿ. ಹತ್ತು ನಿಮಿಷ ಮುಂದಿಡೋದು ಮಾತ್ರ ಮರೀಲಿಲ್ಲ, ಹೌದಿಲ್ಲೋ ಬೇಟಾ?" ಎಂದರು. ಭುಜ ಅಲುಗುತ್ತಿದ್ದವು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ವಾಚನ್ನು ತಾವೇ ಕೈಗೆ ಕಟ್ಟಿಕೊಂಡರು. ದುರ್ಬೀನನ್ನು ಡಬ್ಬಿಗೆ ಹಾಕಿ ನನ್ನ ಕಡೆ ತಳ್ಳಿದರು.

"ಸುಳ್ಳ ಹೇಳಿದ್ರ ಕೊಡ್ತಿದ್ದಿಲ್ಲ. ಒಯ್ಯಿ. ಮುಂದಿನ ಸಲ ಒರಸು."

ನಾನು ಡಬ್ಬಿ ಎದೆಗೆ ಅವಚಿಕೊಂಡು ಎದ್ದೆ. ಅಂಗಳ ದಾಟಿ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಅವರ ದನಿ ಕೇಳಿತು. ತಲೆಯ ಮೇಲೆ ಮೇವಿನ ಹೊರೆ ಹೊತ್ತು ಹೊರಟಿದ್ದ ಒಬ್ಬನನ್ನು ಕರೆಯುತ್ತಿದ್ದರು. ಅವನು ರೂಢಿಯಂತೆ ಹೊರೆ ಒಂದು ಕೈಯಲ್ಲಿ ಹಿಡಿದು, ಟೈಮು ಹೇಳಲು ಇನ್ನೊಂದು ಕೈಯಿಂದ ಜೇಬಿನ ಮೊಬೈಲು ತಡಕಾಡತೊಡಗಿದ.

"ಅದನ್ನ ಇಡು ಭಾಯ್," ಎಂದರು ಉಸ್ತಾದರು, ತೋಳು ಮೇಲೆ ಎತ್ತಿ. "ಐದಕ್ಕ ಹತ್ತು ಕಮ್ಮಿ ಆಗ್ಯದ. ನಾ ಹೇಳಾಕತ್ತೇನಿ."